ಆಕ್ಟೇವಿಯಾ ಆರ್‌ಎಸ್‌ಗೆ ಕೈಗೆಟುಕುವ ಇಂಟರ್‌ಕೂಲರ್: 60 ಸಾವಿರದಲ್ಲಿ ಯಾವುದು ಸರಿ?

ಪ್ರಶ್ನೆ: ನನ್ನದು 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಸ್ಟೇಜ್ 1 ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾವಣೆ) ಆಗಿದೆ, ಉಳಿದದ್ದೆಲ್ಲ ಕಂಪನಿಯದ್ದೇ. ವಾರದ ದಿನಗಳಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಆಫೀಸಿಗೆ ಓಡಾಟ. ರಜೆ ಸಿಕ್ಕರೆ ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋಗುತ್ತೇನೆ. ವರ್ಷಕ್ಕೆ ಕೆಲವು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ಟ್ರ್ಯಾಕ್ ಡೇ ಇರುತ್ತೆ. ಅಲ್ಲಿ ಮೊದಲ ಎರಡು ಮೂರು ಲ್ಯಾಪ್ ಚೆನ್ನಾಗಿ ಎಳೆಯುತ್ತೆ. ಆಮೇಲೆ ಗಾಡಿ ಸುಸ್ತಾದ ಹಾಗೆ ಆಗುತ್ತೆ. ಗ್ಯಾರೇಜಿನಲ್ಲಿ ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್‌ಗೆ ಹೋಗುವ ಬಿಸಿ ಗಾಳಿಯನ್ನು ತಣಿಸುವ ಸಾಮಾನು) ಹಾಕಿಸಿ ಅಂದರು. ಬ್ರ್ಯಾಂಡ್ ಇಲ್ಲದ್ದು ಫಿಟ್ಟಿಂಗ್ ಸೇರಿ 35 ಸಾವಿರ, ಹೆಸರಾದ ಕಂಪನಿಯದ್ದು 1 ಲಕ್ಷ ದಾಟುತ್ತೆ. ನನ್ನ ಬಜೆಟ್ 60 ಸಾವಿರ. ಯಾವುದು ತಗೊಳ್ಳಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. 35 ಸಾವಿರದ್ದು ಬೇಡ. 1 ಲಕ್ಷದ ಹೊಸದೂ ನಿಮಗೆ ಬೇಕಾಗಿಲ್ಲ. ನಿಮ್ಮ ಬಜೆಟ್ಟಿಗೆ ಹೊಂದುವುದು ಹೆಸರಾದ ಕಂಪನಿಯ ಸೆಕೆಂಡ್ ಹ್ಯಾಂಡ್ ಇಂಟರ್‌ಕೂಲರ್. ಅದೂ ಕಂಪನಿ ಕೊಟ್ಟ ಜಾಗದಲ್ಲೇ ಕೂರುವಂಥದ್ದು. ಆದರೆ ಹುಡುಕಾಟ ಶುರು ಮಾಡುವ ಮೊದಲು ಕಾಯಿಲೆ ಇಂಟರ್‌ಕೂಲರ್‌ದೇನಾ ಅಂತ ಖಚಿತ ಮಾಡಿಕೊಳ್ಳಿ. ನೀವು ಹೇಳಿದ ಲಕ್ಷಣ ಸಡಿಲವಾದ ಒಂದು ಕ್ಲಾಂಪ್‌ನಿಂದಲೂ ಬರುತ್ತೆ.

ಮೊದಲು ಬಿಸಿಯ ಲೆಕ್ಕ ನೋಡೋಣ. ಇದು ಗೊತ್ತಾದರೆ ಅಂಗಡಿಯವರು ಹೇಳುವ ಅರ್ಧ ಮಾತನ್ನು ನೀವೇ ತೂಗಿ ನೋಡಬಹುದು.

ಟರ್ಬೊ ಗಾಳಿಯನ್ನು ಒತ್ತುತ್ತೆ, ಒತ್ತಿದ ಗಾಳಿ ಬಿಸಿಯಾಗುತ್ತೆ. ನಿಮ್ಮ ಎಂಜಿನ್ನಿನ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಒಟ್ಟು 2.2 ಬಾರ್ ಒತ್ತಡ ಬೇಕು ಅಂದುಕೊಳ್ಳಿ. ಹೊರಗೆ 30 ಡಿಗ್ರಿ ಇದೆ, ಟರ್ಬೊ ಕಂಪ್ರೆಸರ್‌ನ ದಕ್ಷತೆ ಶೇ. 70. ಚೆನ್ನೈನಂಥ ಸಮುದ್ರಮಟ್ಟದ ಊರಲ್ಲಿ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 138 ಡಿಗ್ರಿ ಇರುತ್ತೆ. ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಒತ್ತಡವೇ ಸುಮಾರು 0.9 ಬಾರ್. ಅದೇ 2.2 ಬಾರ್ ಮುಟ್ಟಿಸೋಕೆ ಟರ್ಬೊ ಜಾಸ್ತಿ ಒತ್ತಬೇಕು. ಹಾಗಾಗಿ ಇಲ್ಲಿ ಅದು ಸುಮಾರು 155 ಡಿಗ್ರಿ ಆಗುತ್ತೆ. ಬೆಂಗಳೂರಿನ ಹವೆ ತಂಪು, ಟರ್ಬೊ ಗಾಡಿಗೆ ಅನುಕೂಲ ಅಂತ ತುಂಬಾ ಜನ ನಂಬಿದ್ದಾರೆ. ತಂಪಿನ ಲಾಭದ ಒಂದು ಪಾಲನ್ನು ಎತ್ತರ ತಿಂದುಹಾಕುತ್ತೆ. ಮುಳ್ಳಯ್ಯನಗಿರಿ ಕಡೆ ಹತ್ತಿದರೆ ಇನ್ನೂ ಜಾಸ್ತಿ.

ಆ 155 ಡಿಗ್ರಿ ಗಾಳಿಯನ್ನು 55ಕ್ಕೆ ಇಳಿಸುವುದು ಇಂಟರ್‌ಕೂಲರ್ ಕೆಲಸ. ಸ್ಟೇಜ್ 1 ಆದ ನಿಮ್ಮ ಎಂಜಿನ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಸೆಕೆಂಡಿಗೆ ಸುಮಾರು 0.2 ಕೆ.ಜಿ. ಗಾಳಿ ಎಳೆಯುತ್ತೆ. ಅಷ್ಟು ಗಾಳಿಯಿಂದ 100 ಡಿಗ್ರಿ ತೆಗೆಯಬೇಕಾದರೆ 20 ಕಿಲೋವ್ಯಾಟ್ ಶಾಖ ಹೊರಹೋಗಬೇಕು. ಮನೆಯ ಬಚ್ಚಲಲ್ಲಿ ಇರುತ್ತಲ್ಲ, 2 ಕಿಲೋವ್ಯಾಟ್ ಗೀಸರ್, ಅಂಥ ಹತ್ತು ಗೀಸರ್ ಒಟ್ಟಿಗೆ ಉರಿದಷ್ಟು ಶಾಖ. ಅದನ್ನು ಬಂಪರ್ ಹಿಂದಿನ ಒಂದು ಅಲ್ಯೂಮಿನಿಯಂ ಚೌಕಟ್ಟು ಹೊರಗಿನ ಗಾಳಿಗೆ ದಾಟಿಸಬೇಕು.

ದಾಟಿಸದಿದ್ದರೆ ಏನಾಗುತ್ತೆ? 45 ಡಿಗ್ರಿಯ ಬದಲು 70 ಡಿಗ್ರಿ ಗಾಳಿ ಒಳಗೆ ಹೋದರೆ ಅದೇ ಒತ್ತಡದಲ್ಲಿ ಸುಮಾರು ಶೇ. 7ರಷ್ಟು ಗಾಳಿ ಕಡಿಮೆ ತುಂಬುತ್ತೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಬಿಸಿ ಗಾಳಿಗೆ ಎಂಜಿನ್ ನಾಕ್ ಹೊಡೆಯಲು, ಅಂದರೆ ಸಿಲಿಂಡರ್ ಒಳಗಿನ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಉರಿಯಲು, ಶುರು ಮಾಡುತ್ತೆ. ಇಸಿಯು (ಎಂಜಿನ್ ಕಂಪ್ಯೂಟರ್) ಅದನ್ನು ಕೇಳಿಸಿಕೊಂಡು ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತಿಸುವ ಕ್ಷಣ) ಹಿಂದಕ್ಕೆ ಎಳೆಯುತ್ತೆ, ಅಗತ್ಯ ಬಿದ್ದರೆ ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಕೂಡ ಇಳಿಸುತ್ತೆ. ನೀವು ಮೂರನೇ ಲ್ಯಾಪ್‌ನಲ್ಲಿ ಅನುಭವಿಸುವ ಸುಸ್ತು ಬಹುಪಾಲು ಇದೇ. ಎಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ, ಅದು ಒಳ್ಳೆಯದೇ.

ಈಗ ಪರೀಕ್ಷೆಗೆ ಬರೋಣ. ಗಾಡಿಯ ಕಂಪ್ಯೂಟರ್ ಓದುವ ಒಬಿಡಿಇಲೆವೆನ್ ಅಥವಾ ವಿಸಿಡಿಎಸ್ ಉಪಕರಣ ಯಾವುದಾದರೂ ಒಂದು ನಿಮ್ಮ ಬಳಿ ಅಥವಾ ಗೆಳೆಯರ ಬಳಿ ಇದ್ದೇ ಇರುತ್ತೆ. ಮುಂದಿನ ಸಲ ಕರಿಗೆ ಹೋದಾಗ ಒಂದು ಪೂರ್ತಿ ಸೆಷನ್ ಲಾಗ್ ಮಾಡಿ. ಹೈವೇಯಲ್ಲಿ ಈ ಪ್ರಯೋಗ ಬೇಡ, ದಯವಿಟ್ಟು. ಲಾಗ್‌ನಲ್ಲಿ ಇರಬೇಕಾದ್ದು: ಹೊರಗಿನ ತಾಪ, ಮ್ಯಾನಿಫೋಲ್ಡ್ ಗಾಳಿಯ ತಾಪ, ಇಸಿಯು ಕೇಳಿದ ಬೂಸ್ಟ್, ನಿಜವಾಗಿ ಸಿಕ್ಕಿದ ಬೂಸ್ಟ್, ನಾಲ್ಕೂ ಸಿಲಿಂಡರ್‌ನ ಟೈಮಿಂಗ್ ರಿಟಾರ್ಡ್ (ಟೈಮಿಂಗ್ ಎಷ್ಟು ಹಿಂದಕ್ಕೆ ಎಳೆಯಿತು ಅನ್ನೋದು), ಕೂಲೆಂಟ್ ತಾಪ, ಗೇರ್‌ಬಾಕ್ಸ್ ಆಯಿಲ್ ತಾಪ.

ಲಾಗ್ ಓದುವಾಗ ಅವಸರ ಬೇಡ. ಕೇಳಿದ ಬೂಸ್ಟ್‌ಗಿಂತ ಸಿಕ್ಕಿದ ಬೂಸ್ಟ್ ಕಡಿಮೆ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಅಥವಾ ಟರ್ಬೊ, ವೇಸ್ಟ್‌ಗೇಟ್ (ಬೂಸ್ಟ್ ಮಿತಿಯಲ್ಲಿಡುವ ಕವಾಟ) ಕಡೆ ತೊಂದರೆ. ಇಂಟರ್‌ಕೂಲರ್ ಬದಲಿಸಿದರೂ ಅದು ಹೋಗಲ್ಲ. ಕೂಲೆಂಟ್ ತಾಪವೇ ಮೇಲಕ್ಕೆ ಓಡುತ್ತಿದ್ದರೆ ಮೊದಲು ರೇಡಿಯೇಟರ್, ಫ್ಯಾನ್, ಕೂಲೆಂಟ್ ನೋಡಿಸಿ. ಅಂಥ ಗಾಡಿಗೆ ದಪ್ಪ ಇಂಟರ್‌ಕೂಲರ್ ಹಾಕಿದರೆ ಕಾಯಿಲೆ ಜಾಸ್ತಿಯೇ ಆಗುತ್ತೆ. ಗಾಳಿಯ ತಾಪ ಸರಿಯಾಗಿದ್ದೂ ರಿಟಾರ್ಡ್ ಜಾಸ್ತಿ ಇದ್ದರೆ ಪೆಟ್ರೋಲ್, ಸ್ಪಾರ್ಕ್ ಪ್ಲಗ್, ಇಲ್ಲವೇ ರೀಮ್ಯಾಪ್ ಮಾಡಿದವರ ಧಾರಾಳತನವನ್ನು ಅನುಮಾನಿಸಿ. ನಿಮ್ಮ ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಆರು ಗೇರಿನ ವೆಟ್ ಕ್ಲಚ್ ಮಾದರಿ, ಅಂದರೆ ಕ್ಲಚ್ ಆಯಿಲ್‌ನಲ್ಲೇ ಕೆಲಸ ಮಾಡುತ್ತೆ. ಟ್ರ್ಯಾಕ್‌ನಲ್ಲಿ ಅದರ ಆಯಿಲ್ ಕೂಡ ಕಾಯುತ್ತೆ. ಅತಿಯಾದರೆ ಗೇರ್‌ಬಾಕ್ಸೇ ಟಾರ್ಕ್ ಇಳಿಸಿ ಅಂತ ಎಂಜಿನ್‌ಗೆ ಹೇಳುತ್ತೆ. ಡ್ರೈವರ್ ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಥರ ಅನ್ನಿಸುತ್ತೆ.

ಈ ಯಾವುದೂ ಅಲ್ಲ, ಮ್ಯಾನಿಫೋಲ್ಡ್ ಗಾಳಿ ಹೊರಗಿನ ತಾಪಕ್ಕಿಂತ 30 ಡಿಗ್ರಿ, 35 ಡಿಗ್ರಿ ಮೇಲೆ ಹೋಗಿ ಅಲ್ಲೇ ನಿಲ್ಲುತ್ತಿದೆ, ಅದರ ಜೊತೆಜೊತೆಗೇ ರಿಟಾರ್ಡ್ ಏರುತ್ತಿದೆ ಅಂದರೆ ಆಗ ಇಂಟರ್‌ಕೂಲರ್‌ದೇ ಸಮಸ್ಯೆ. ಹಣ ಖರ್ಚು ಮಾಡೋಕೆ ಕಾರಣ ಸಿಕ್ಕಿತು.

ಟ್ರಾಫಿಕ್‌ನಲ್ಲಿ ಬರುವ ಅಂಕಿ ನೋಡಿ ಗಾಬರಿಯಾಗಬೇಡಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಯಾವ ಇಂಟರ್‌ಕೂಲರ್ ಆದರೂ ಕಾಯುತ್ತೆ. ಗಾಳಿಯೇ ಬರದಿದ್ದರೆ ಅದು ಏನು ಮಾಡೀತು? ಬಾನೆಟ್ ಕೆಳಗಿನ ಬಿಸಿಗೆ ಸೆನ್ಸರ್ ಕೂಡ ಕಾದು ಜಾಸ್ತಿ ತೋರಿಸುತ್ತೆ. ನಿಮ್ಮ ಬಳಕೆ ಬರೀ ಆಫೀಸ್ ಮತ್ತು ಘಾಟಿ ಆಗಿದ್ದರೆ ಇಂಟರ್‌ಕೂಲರ್ ಬದಲಿಸಬೇಡಿ, ಆ ದುಡ್ಡಲ್ಲಿ ಒಳ್ಳೆಯ ಟೈರ್ ಹಾಕಿಸಿ ಅಂತಲೇ ಹೇಳುತ್ತಿದ್ದೆ. ಶಿರಾಡಿಯೋ ಚಾರ್ಮಾಡಿಯೋ ಹತ್ತುವಾಗ ಪೂರ್ತಿ ಆಕ್ಸಿಲರೇಟರ್ ಒತ್ತುವುದು ಕೆಲವೇ ಸೆಕೆಂಡು. ಅಷ್ಟಕ್ಕೆ ಕಂಪನಿಯದ್ದೇ ಸಾಕು. ನಿಮ್ಮ ವಿಷಯದಲ್ಲಿ ಕರಿ ಇದೆ, ಅದಕ್ಕೇ ಈ ಮಾತು ಬೇರೆ.

ಕರಿಯ ಸ್ವಭಾವವನ್ನೂ ಇಲ್ಲಿ ಹೇಳಬೇಕು. ಅದು ಸುಮಾರು 2.1 ಕಿ.ಮೀ. ಉದ್ದದ ಚಿಕ್ಕ ಟ್ರ್ಯಾಕ್. ನೇರ ದಾರಿ ಕಡಿಮೆ, ತಿರುವು ಜಾಸ್ತಿ. ಪದೇ ಪದೇ ಬ್ರೇಕ್ ಹಿಡಿದು ಪದೇ ಪದೇ ಪೂರ್ತಿ ಆಕ್ಸಿಲರೇಟರ್ ಕೊಡುತ್ತೀರಿ. ಆದರೆ ವೇಗ ಅಷ್ಟೇನೂ ಏರುವುದಿಲ್ಲ, ಹಾಗಾಗಿ ಮುಂಭಾಗಕ್ಕೆ ಬೀಸುವ ಗಾಳಿಯೂ ಕಡಿಮೆ. ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕ್ ಇದಕ್ಕಿಂತ ಉದ್ದ, ವೇಗವೂ ಜಾಸ್ತಿ, ಆದರೆ ಹವೆ ಇನ್ನೂ ಬಿಸಿ. ಕರಿಯಲ್ಲಿ ಗೆಲ್ಲುವುದು ಎರಡು ತಿರುವುಗಳ ನಡುವಿನ ಚೂರು ಸಮಯದಲ್ಲೇ ಬೇಗ ತಣಿಯುವ ಇಂಟರ್‌ಕೂಲರ್. ಈ ಮಾತು ನೆನಪಿಟ್ಟುಕೊಳ್ಳಿ, ಕೋರ್ (ಇಂಟರ್‌ಕೂಲರ್‌ನ ಶಾಖ ದಾಟಿಸುವ ನಡುಭಾಗ) ಆರಿಸುವಾಗ ಇದೇ ಮುಖ್ಯ.

ಕೋರ್‌ನಲ್ಲಿ ಎರಡು ಜಾತಿ. ಒಂದು ಟ್ಯೂಬ್ ಅಂಡ್ ಫಿನ್. ತೆಳು ಕೊಳವೆಗಳು, ನಡುವೆ ಫಿನ್‌ಗಳು, ಅಂದರೆ ಶಾಖ ಹರಡುವ ತೆಳು ಲೋಹದ ರೆಕ್ಕೆಗಳು. ಹಗುರ, ಹೊರಗಿನ ಗಾಳಿ ಸಲೀಸಾಗಿ ದಾಟುತ್ತೆ, ಬೇಗ ಕಾಯುತ್ತೆ, ಬೇಗ ತಣಿಯುತ್ತೆ. ಕಂಪನಿಯದ್ದೂ ಇದೇ ಜಾತಿ, ಪಕ್ಕದ ಟ್ಯಾಂಕ್‌ಗಳು ಮಾತ್ರ ಪ್ಲಾಸ್ಟಿಕ್. ಇನ್ನೊಂದು ಬಾರ್ ಅಂಡ್ ಪ್ಲೇಟ್. ದಪ್ಪ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬೆಸೆದದ್ದು. ಭಾರ, ಗಟ್ಟಿ, ಕಲ್ಲೇಟು ತಡೆಯುತ್ತೆ, ಕಾಯೋಕೆ ಹೊತ್ತು ಹಿಡಿಯುತ್ತೆ, ತಣಿಯೋಕೂ ಹೊತ್ತು ಹಿಡಿಯುತ್ತೆ.

ಡೈನೊ (ಗಾಡಿಯ ಪವರ್ ಅಳೆಯುವ ಯಂತ್ರ) ಗ್ರಾಫ್ ತೋರಿಸಿ ಮಾರುವವರ ಗುಟ್ಟು ಇಲ್ಲೇ ಇದೆ. 4 ಕೆ.ಜಿ. ಅಲ್ಯೂಮಿನಿಯಂ 1 ಡಿಗ್ರಿ ಏರಲು ಸುಮಾರು 3.6 ಕಿಲೋಜೂಲ್ ಬೇಕು. 9 ಕೆ.ಜಿ.ಗೆ 8.1 ಕಿಲೋಜೂಲ್. ಡೈನೊದಲ್ಲಿ ಒಂದು ಓಟ 8 ಸೆಕೆಂಡು ಅಂದುಕೊಳ್ಳಿ, 20 ಕಿಲೋವ್ಯಾಟ್ ಲೆಕ್ಕದಲ್ಲಿ 160 ಕಿಲೋಜೂಲ್ ಶಾಖ ಬಂತು. ಮುಂದಿಟ್ಟ ಫ್ಯಾನ್ ಲೆಕ್ಕಕ್ಕೇ ಇಲ್ಲ ಅನ್ನೋಣ. ಹಗುರವಾದ ಕೋರ್ ಹೆಚ್ಚುಕಡಿಮೆ 44 ಡಿಗ್ರಿ ಏರುತ್ತೆ, ಭಾರದ್ದು 20 ಡಿಗ್ರಿ ಮಾತ್ರ. ಗ್ರಾಫ್ ನೋಡಿದರೆ ಭಾರದ್ದೇ ಗೆದ್ದ ಹಾಗೆ ಕಾಣುತ್ತೆ. ನಿಜವಾಗಿ ಅದು ಶಾಖವನ್ನು ಹೊರಗೆ ಹಾಕಲೇ ಇಲ್ಲ, ತನ್ನ ಮೈಯಲ್ಲೇ ಇಟ್ಟುಕೊಂಡಿತು ಅಷ್ಟೇ. ಕಾಲು ಮೈಲಿಯ ಡ್ರ್ಯಾಗ್ ರೇಸಿಗೆ ಅದು ಸಾಕು. 15, 20 ನಿಮಿಷದ ಟ್ರ್ಯಾಕ್ ಸೆಷನ್‌ನಲ್ಲಿ ಒಂದೆರಡು ಲ್ಯಾಪ್ ಆದ ಮೇಲೆ ಆ ಸಾಲ ತೀರಿಸಲೇಬೇಕು. ಆಗ ಲೆಕ್ಕಕ್ಕೆ ಬರುವುದು ಕೋರ್‌ನ ತೂಕವಲ್ಲ. ಅದರ ಮೂಲಕ ಎಷ್ಟು ಗಾಳಿ ಹಾಯುತ್ತೆ, ಫಿನ್‌ಗಳ ಒಟ್ಟು ಮೇಲ್ಮೈ ಎಷ್ಟು ಅನ್ನೋದು. ಹಾಗಾಗಿ ನಿಮ್ಮಂಥವರಿಗೆ ನನ್ನ ಆಯ್ಕೆ ಚೆನ್ನಾಗಿ ಮಾಡಿದ ಟ್ಯೂಬ್ ಅಂಡ್ ಫಿನ್, ಇಲ್ಲವೇ ಹೊರಗಿನ ಫಿನ್ ತುಂಬಾ ಒತ್ತೊತ್ತಾಗಿಲ್ಲದ, ಮಿತವಾದ ದಪ್ಪದ ಬಾರ್ ಅಂಡ್ ಪ್ಲೇಟ್.

ದಪ್ಪದ ಮಾತು ಯಾಕೆ ಬಂತು ಅಂದರೆ, ನಿಮ್ಮ ಗಾಡಿಯಲ್ಲಿ ಇಂಟರ್‌ಕೂಲರ್ ಇರುವ ಜಾಗ ಹಾಗಿದೆ. ಇದು ಫೋಕ್ಸ್‌ವ್ಯಾಗನ್ ಬಳಗದ ಎಂಕ್ಯೂಬಿ ವೇದಿಕೆಯ (ಹಲವು ಗಾಡಿಗಳು ಹಂಚಿಕೊಳ್ಳುವ ತಳವಿನ್ಯಾಸ) ಗಾಡಿ. ಎಲ್ಲಕ್ಕಿಂತ ಮುಂದೆ ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಭಾಗ), ಅದರ ಹಿಂದೆ ಇಂಟರ್‌ಕೂಲರ್, ಅದರ ಹಿಂದೆ ರೇಡಿಯೇಟರ್, ಕೊನೆಗೆ ಫ್ಯಾನ್. ಮೂರೂ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತವೆ. ಕಂಡೆನ್ಸರ್ ಬಿಸಿ ಮಾಡಿದ ಗಾಳಿ ಇಂಟರ್‌ಕೂಲರ್‌ಗೆ ಸಿಗುತ್ತೆ, ಇಂಟರ್‌ಕೂಲರ್ ಬಿಸಿ ಮಾಡಿದ್ದು ರೇಡಿಯೇಟರ್‌ಗೆ. ನಡುವೆ ಭಾರಿ ದಪ್ಪದ ಕೋರ್ ತುರುಕಿದರೆ ಹಿಂದಿನ ರೇಡಿಯೇಟರ್‌ಗೆ ಉಸಿರು ಕಟ್ಟುತ್ತೆ. ತಂಪು ದೇಶದಲ್ಲಿ ಇದು ನಡೆದುಹೋಗುತ್ತೆ. ಏಪ್ರಿಲ್ ತಿಂಗಳಲ್ಲಿ ಎಸಿ ಹಾಕಿಕೊಂಡು ಮಾರತ್ತಹಳ್ಳಿ ದಾಟುವವರಿಗೆ ನಡೆಯಲ್ಲ. ಟ್ರ್ಯಾಕ್‌ನಲ್ಲಿ ಎಸಿ ಆಫ್ ಮಾಡಿ ಓಡಿಸಿ. ಬಿಟ್ಟಿ ಸಿಗುವ ಲಾಭ ಅದು.

ಈ ಜಾಗದಿಂದ ಒಂದು ಅನುಕೂಲವೂ ಇದೆ. ಎಂಕ್ಯೂಬಿಯ ಏಳನೇ ಗಾಲ್ಫ್ ಜಿಟಿಐ, ಗಾಲ್ಫ್ ಆರ್, ಆಡಿ ಎಸ್3, ಸೇಯಟ್ ಲಿಯೋನ್ ಕೂಪ್ರಾ, ನಿಮ್ಮ ಆಕ್ಟೇವಿಯಾ ಆರ್‌ಎಸ್, ಎಲ್ಲವೂ ಇಎ888 ಮೂರನೇ ಪೀಳಿಗೆಯ ಎಂಜಿನ್ ಹಂಚಿಕೊಂಡ ಸೋದರರು. ಹಾಗಾಗಿ ಇವುಗಳಿಗೆ ಹೊರಗಿನ ಇಂಟರ್‌ಕೂಲರ್ ಮಾಡುವವರು ಧಾರಾಳ. ಸ್ವೀಡನ್ನಿನ ಡಿಒ88, ಜರ್ಮನಿಯ ವಾಗ್ನರ್, ಇಂಗ್ಲೆಂಡಿನ ಫೋರ್ಜ್, ಅಮೆರಿಕದ ಎಪಿಆರ್ ಮತ್ತು ಇಂಟಿಗ್ರೇಟೆಡ್ ಎಂಜಿನಿಯರಿಂಗ್ ಇದರಲ್ಲಿ ಹೆಸರು ಮಾಡಿದವರು. ಹೊಸದಾಗಿ ತರಿಸಿದರೆ ಬೆಲೆಯ ಜೊತೆ ಸಾಗಣೆ, ಕಸ್ಟಮ್ಸ್ ಸುಂಕ ಎಲ್ಲ ಸೇರುತ್ತೆ. ದೊಡ್ಡ, ಭಾರದ ಪೆಟ್ಟಿಗೆ ಆದ್ದರಿಂದ ಸಾಗಣೆಯೇ ಕೈ ಕಚ್ಚುತ್ತೆ. ಗ್ಯಾರೇಜಿನವರು 1 ಲಕ್ಷ ದಾಟುತ್ತೆ ಅಂದದ್ದು ಸುಳ್ಳಲ್ಲ.

ಹಾಗಾದರೆ 35 ಸಾವಿರದ್ದು ಯಾಕೆ ಬೇಡ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಳತೆ, ಒಂದೇ ಹೊಳಪು. ವ್ಯತ್ಯಾಸ ಇರುವುದು ಒಳಗೆ. ಒಳ್ಳೆಯ ಕೋರ್‌ನ ಕೊಳವೆಗಳ ಒಳಗೂ ಫಿನ್ ಇರುತ್ತೆ. ಅದು ಗಾಳಿಯನ್ನು ಕಲಕಿ ಗೋಡೆಗೆ ತಾಗಿಸುತ್ತೆ. ಅಗ್ಗದ್ದರಲ್ಲಿ ಈ ಒಳಫಿನ್ ವಿರಳವಾಗಿರುತ್ತೆ, ಇಲ್ಲವೇ ಗೋಡೆಗೆ ಸರಿಯಾಗಿ ಬೆಸೆದಿರುವುದಿಲ್ಲ. ಬೆಸುಗೆ ಬಿಟ್ಟ ಫಿನ್ ಶಾಖ ದಾಟಿಸಲ್ಲ, ಸುಮ್ನೆ ಗಾಳಿಗೆ ಅಡ್ಡ ನಿಲ್ಲುತ್ತೆ. ಎಂಡ್ ಟ್ಯಾಂಕ್ (ಕೋರ್‌ನ ಎರಡು ಬದಿಯ ಟ್ಯಾಂಕ್) ತಗಡು ಮಡಚಿ ಮಾಡಿದ ಡಬ್ಬ ಆಗಿದ್ದರೆ ಗಾಳಿ ನಾಲ್ಕಾರು ಕೊಳವೆಗಳಲ್ಲೇ ನುಗ್ಗಿ ಉಳಿದವು ಖಾಲಿ ಕೂರುತ್ತವೆ. ಅಷ್ಟು ದೊಡ್ಡ ಕೋರ್ ಇದ್ದೂ ಅರ್ಧವೇ ದುಡಿಯುತ್ತೆ. ಜೊತೆಗೆ ಒತ್ತಡ ನಷ್ಟ. ಇಂಟರ್‌ಕೂಲರ್ ದಾಟುವಾಗ ಗಾಳಿಯ ಒತ್ತಡ ಸ್ವಲ್ಪ ಇಳಿಯುವುದು ಸಹಜ. ಒಳ್ಳೆಯದರಲ್ಲಿ 1 ಪಿಎಸ್‌ಐ ಆಸುಪಾಸು. ಕೆಟ್ಟದರಲ್ಲಿ ಜಾಸ್ತಿ ಇಳಿದರೆ ಅದನ್ನು ತುಂಬಿಸೋಕೆ ನಿಮ್ಮ ಚಿಕ್ಕ ಐಎಸ್20 ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗಬೇಕು. ತಣಿಸಲು ಹಾಕಿದ ಸಾಮಾನೇ ಬಿಸಿಗೆ ಕಾರಣ ಆಗುತ್ತೆ.

ಇದೆಲ್ಲಕ್ಕಿಂತ ನನಗೆ ಭಯ ಇನ್ನೊಂದರದು. ಸರಿಯಾಗಿ ತೊಳೆಯದ ಅಗ್ಗದ ಕೋರ್‌ನೊಳಗೆ ವೆಲ್ಡಿಂಗ್ ಚೂರು, ಅಲ್ಯೂಮಿನಿಯಂ ಪುಡಿ ಉಳಿದಿರುತ್ತೆ. ಏರ್ ಫಿಲ್ಟರ್ ಇರುವುದು ಟರ್ಬೊಗಿಂತ ಮೊದಲು. ಇಂಟರ್‌ಕೂಲರ್ ದಾಟಿದ ಮೇಲೆ ಎಂಜಿನ್‌ವರೆಗೆ ಯಾವ ಕಾವಲೂ ಇಲ್ಲ. ಆ ಚೂರು ನೇರ ಸಿಲಿಂಡರ್‌ಗೆ. ದುಡ್ಡು ಉಳಿಸಲು ಹೋಗಿ ಎಂಜಿನ್ ಬಿಚ್ಚಿಸುವ ಹಾಗಾಗಬಾರದು.

ಅದಕ್ಕೇ ಸೆಕೆಂಡ್ ಹ್ಯಾಂಡ್. ಇಂಟರ್‌ಕೂಲರ್‌ನಲ್ಲಿ ತಿರುಗುವ, ಸವೆಯುವ ಭಾಗ ಏನೂ ಇಲ್ಲ. ಚೆನ್ನಾಗಿ ಮಾಡಿದ್ದು ಗಾಡಿಯಷ್ಟೇ ಕಾಲ ಬಾಳುತ್ತೆ. ಆರ್‌ಎಸ್ ಇಟ್ಟುಕೊಂಡವರಲ್ಲಿ ಕೆಲವರು ಗಾಡಿ ಮಾರುವ ಮುಂಚೆ ಹೊರಗಿನ ಸಾಮಾನೆಲ್ಲ ತೆಗೆದು ಕಂಪನಿಯದ್ದನ್ನು ಮತ್ತೆ ಹಾಕಿಸುತ್ತಾರೆ. ಆಗ ಇಂಟರ್‌ಕೂಲರ್ ಮಾರಾಟಕ್ಕೆ ಬರುತ್ತೆ. ಬೆಂಗಳೂರು, ಕೊಯಮತ್ತೂರು, ಕೊಚ್ಚಿ, ಪುಣೆ ಕಡೆಯ ಟ್ಯೂನಿಂಗ್ ಗ್ಯಾರೇಜುಗಳಿಗೆ ಹೇಳಿಡಿ. ಎರಡು ಮೂರು ತಿಂಗಳು ಕಾಯಲು ಸಿದ್ಧರಿದ್ದರೆ ಹೊಸದರ ಅರ್ಧ ಬೆಲೆಗೆ ಸಿಗುವ ಸಾಧ್ಯತೆ ಇದೆ. ಫಿಟ್ಟಿಂಗ್ ಸೇರಿದರೂ ನಿಮ್ಮ 60 ಸಾವಿರದ ಸುತ್ತಮುತ್ತ ಬರುತ್ತೆ. ಅವಸರ ಇಲ್ಲದವರಿಗೆ ಮಾತ್ರ ಸಿಗುವ ರಿಯಾಯಿತಿ ಇದು.

ಕೊಳ್ಳುವಾಗ ಮೊದಲ ಪ್ರಶ್ನೆ: ಈ ಇಂಟರ್‌ಕೂಲರ್ ಇದ್ದ ಗಾಡಿಯ ಟರ್ಬೊ ಯಾವತ್ತಾದರೂ ಒಡೆದಿತ್ತಾ? ಹೌದು ಅಂದರೆ, ಅಥವಾ ಉತ್ತರ ತಡವರಿಸಿದರೆ, ಬೆಲೆ ಎಷ್ಟೇ ಕಡಿಮೆ ಇದ್ದರೂ ಬಿಟ್ಟುಬಿಡಿ. ಒಡೆದ ಟರ್ಬೊದ ಲೋಹದ ಚೂರು ಒಳಫಿನ್‌ಗಳಲ್ಲಿ ಸಿಕ್ಕಿಕೊಂಡರೆ ಎಷ್ಟು ತೊಳೆದರೂ ಪೂರ್ತಿ ಹೋಗಿದೆ ಅಂತ ಹೇಳೋಕಾಗಲ್ಲ. ಒಳಗೆ ತೆಳುವಾಗಿ ಎಣ್ಣೆಪಸೆ ಇರುವುದು ಸಾಮಾನ್ಯ, ಅದಕ್ಕೆ ಹೆದರಬೇಡಿ. ಅಲುಗಾಡಿಸಿದರೆ ಎಣ್ಣೆ ಸುರಿಯಬಾರದು, ಏನೂ ಗಲಗಲ ಅನ್ನಬಾರದು. ಫಿನ್ ಅಲ್ಲಲ್ಲಿ ಬಾಗಿದ್ದರೆ ಫಿನ್ ಬಾಚಣಿಗೆಯಿಂದ ನೆಟ್ಟಗೆ ಮಾಡಬಹುದು. ಕೊಳವೆಯೇ ಕಲ್ಲು ಬಡಿದು ತಗ್ಗಾಗಿದ್ದರೆ ಬೇಡ. ಎಂಡ್ ಟ್ಯಾಂಕ್ ಮತ್ತು ಕೋರ್ ಸೇರುವ ವೆಲ್ಡಿಂಗ್ ಸುತ್ತ ಬೆರಳಾಡಿಸಿ ನೋಡಿ, ಯಾರಾದರೂ ಮತ್ತೆ ಬೆಸೆದ ಗುರುತಿದ್ದರೆ ಕೇಳಿ. ಕೊನೆಗೆ ರೇಡಿಯೇಟರ್ ರಿಪೇರಿ ಅಂಗಡಿಗೆ ಒಯ್ದು ಎರಡೂ ಬಾಯಿ ಮುಚ್ಚಿಸಿ, 30 ಪಿಎಸ್‌ಐ ಗಾಳಿ ತುಂಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಗೊತ್ತಾಗುತ್ತೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ದೊಡ್ಡ ಇಂಟರ್‌ಕೂಲರ್ ಹಾಕಿದರೆ ಲ್ಯಾಗ್ (ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ) ಬರುತ್ತೆ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಲೆಕ್ಕ ಹಾಕೋಣ. ಒಳಗಿನ ಜಾಗ 4 ಲೀಟರ್ ಹೆಚ್ಚಾಯಿತು ಅನ್ನೋಣ. ನಿಮ್ಮ 2 ಲೀಟರ್ ಎಂಜಿನ್ 4,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 66 ಲೀಟರ್ ನುಂಗುತ್ತೆ. ಹೆಚ್ಚಿನ 4 ಲೀಟರ್ ತುಂಬಲು ಹಿಡಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಡಿಎಸ್‌ಜಿಯಲ್ಲಿ ನಿಮಗೆ ಅದು ಗೊತ್ತೂ ಆಗಲ್ಲ. ಚಾರ್ಜ್ ಪೈಪ್‌ಗಳನ್ನೂ (ಟರ್ಬೊ, ಇಂಟರ್‌ಕೂಲರ್, ಎಂಜಿನ್ ನಡುವಿನ ಗಾಳಿಯ ಕೊಳವೆಗಳು) ಜೊತೆಗೇ ಬದಲಿಸಿ ಅಂತ ಇನ್ನೊಂದು ಸಲಹೆ ಬರುತ್ತೆ. ಸ್ಟೇಜ್ 1ಕ್ಕೆ ಅದು ಬೇಡ. ಹಳೆಯ ಪೈಪ್ ಬಿರುಕು ಬಿಟ್ಟಿದ್ದರೆ ಮಾತ್ರ ಯೋಚಿಸಿ. ಜಾಯಿಂಟ್‌ಗಳ ಓ ರಿಂಗ್ ಹೊಸದು ಹಾಕಿಸಿ, ಅದು ಖಂಡಿತ.

ಇಂಟರ್‌ಕೂಲರ್ ಮೇಲೆ ನೀರು ಸಿಂಪಡಿಸುವ ಕಿಟ್ ಬಗ್ಗೆಯೂ ಜನ ಕೇಳುತ್ತಾರೆ. ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಶನ್‌ನಲ್ಲಿ ಕಂಪನಿಯೇ ಇದನ್ನು ಕೊಡುತ್ತಿತ್ತು. ಅಲ್ಲಿ ಇಂಟರ್‌ಕೂಲರ್ ಬಂಪರ್ ಬಾಯಲ್ಲೇ ಇತ್ತು. ನಿಮ್ಮದರಲ್ಲಿ ಮುಂದೆ ಕಂಡೆನ್ಸರ್ ಅಡ್ಡ ಇದೆ, ನೀರೆಲ್ಲ ಅದರ ಪಾಲು. ನೀರು, ಮೆಥನಾಲ್ ಬೆರೆಸಿ ಮ್ಯಾನಿಫೋಲ್ಡ್ ಒಳಗೇ ಸಿಂಪಡಿಸುವ ಕಿಟ್ ಬೇರೆ. ಅದು ಕೆಲಸ ಮಾಡುತ್ತೆ. ಆದರೆ ಅದನ್ನು ನಂಬಿ ಟೈಮಿಂಗ್ ಏರಿಸಿದ ಮೇಲೆ ಪಂಪ್ ಕೈಕೊಟ್ಟರೆ ಎಂಜಿನ್ ಅಪಾಯಕ್ಕೆ ಸಿಗುತ್ತೆ. ದಿನಾ ಆಫೀಸಿಗೆ ಓಡುವ ಗಾಡಿಗೆ ನಾನು ಅದನ್ನು ಹೇಳಲಾರೆ.

ಇದನ್ನು ಓದುತ್ತಿರುವ ಪೋಲೊ ಜಿಟಿ 1.2 ಟಿಎಸ್‌ಐ, ವರ್ಟಸ್ 1.5, ಸ್ಲಾವಿಯಾ 1.5 ಮಾಲೀಕರಿಗೆ ಒಂದು ಮಾತು. ನಿಮ್ಮ ಗಾಡಿಗಳಲ್ಲಿ ಗಾಳಿ ತಣಿಸುವುದು ನೀರು. ಅದಕ್ಕೇ ಬೇರೆ ಚಿಕ್ಕ ರೇಡಿಯೇಟರ್, ಬೇರೆ ಪಂಪ್ ಇರುತ್ತೆ. ಮೇಲಿನ ಕೋರ್ ಆಯ್ಕೆಯ ಮಾತು ನಿಮಗೆ ಹೊಂದುವುದಿಲ್ಲ. ನೀವು ಆ ಪಂಪ್ ಓಡುತ್ತಿದೆಯಾ, ಕೂಲೆಂಟ್ ಸರಿಯಿದೆಯಾ, ಏರ್ ಲಾಕ್ (ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ) ಇದೆಯಾ ಅಂತ ನೋಡಿಸಿ.

ಮತ್ತೆ ನಿಮ್ಮ ಆರ್‌ಎಸ್‌ಗೆ ಬರುತ್ತೇನೆ. ಫಿಟ್ಟಿಂಗ್ ದಿನ ಮುಂದಿನ ಬಂಪರ್ ಬಿಚ್ಚಲೇಬೇಕು, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಜಾಗ ಬಿಡಿಸಬೇಕು. ಕೈ ಪಳಗಿದವರು ಎಸಿ ಗ್ಯಾಸ್ ತೆಗೆಯದೇ ಮಾಡುತ್ತಾರೆ. ಎಂಕ್ಯೂಬಿಯಲ್ಲಿ ಈ ಕೆಲಸ ಮಾಡಿ ಗೊತ್ತಿರುವವರನ್ನೇ ಹುಡುಕಿ, ಕೂಲಿ ಸ್ವಲ್ಪ ಜಾಸ್ತಿಯಾದರೂ ಸರಿ. ಬಂಪರ್ ಹೇಗೂ ಬಿಚ್ಚಿರುವಾಗ ಎರಡು ಕೆಲಸ ಮಾಡಿಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ಫಿನ್‌ಗಳಲ್ಲಿ ಕೂತ ಧೂಳು, ಹುಳ, ಎಲೆ ಎಲ್ಲವನ್ನೂ ಹಿಂಬದಿಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಲಗಿಹೋಗುತ್ತೆ, ಎಚ್ಚರ. ಎರಡನೆಯದು ಗಾಳಿಗೆ ದಾರಿ ಕಟ್ಟುವುದು. ಗಾಳಿ ಯಾವತ್ತೂ ಸುಲಭದ ದಾರಿ ಹಿಡಿಯುತ್ತೆ. ಕೋರ್ ಸುತ್ತ ಸಂದು ಇದ್ದರೆ ಕೋರ್ ಒಳಗೆ ಹೋಗದೆ ಪಕ್ಕದಿಂದ ಜಾರಿಕೊಳ್ಳುತ್ತೆ. ಕಂಪನಿ ಕೊಟ್ಟ ಪ್ಲಾಸ್ಟಿಕ್ ತಡೆಗಳು ಎಲ್ಲವೂ ಜಾಗದಲ್ಲಿ ಇರಬೇಕು. ಹಿಂದೆ ಯಾವಾಗಲಾದರೂ ಬಂಪರ್ ರಿಪೇರಿ ಆಗಿದ್ದರೆ ಒಂದೆರಡು ಕಳೆದುಹೋಗಿರುವ ಸಂಭವ ಜಾಸ್ತಿ. ಉಳಿದ ಸಂದಿಗೆ ಬಿಸಿ ತಡೆಯುವ ಫೋಮ್ ಪಟ್ಟಿ ಅಂಟಿಸಿ. ಕೆಲವು ನೂರು ರೂಪಾಯಿಯ ಕೆಲಸ ಇದು. ಹಳೆಯ ಇಂಟರ್‌ಕೂಲರ್ ಇಟ್ಟುಕೊಂಡೇ ಇದನ್ನು ಮೊದಲು ಮಾಡಿ ಮತ್ತೆ ಲಾಗ್ ತೆಗೆದು ನೋಡಬಹುದು. ಸಾಕಾಗುವಷ್ಟು ಫಲ ಸಿಕ್ಕರೆ 60 ಸಾವಿರ ಜೇಬಲ್ಲೇ ಉಳಿಯಿತು.

ಇಂಟರ್‌ಕೂಲರ್‌ಗಾಗಿ ಮತ್ತೆ ರೀಮ್ಯಾಪ್ ಬೇಕಿಲ್ಲ. ಗಾಳಿ ತಣ್ಣಗಾದರೆ ಇಸಿಯು ತಾನಾಗಿ ಟೈಮಿಂಗ್ ವಾಪಸ್ ಕೊಡುತ್ತೆ. ಇನ್ನು ಜಾಗ ಇದೆ, ಬೂಸ್ಟ್ ಏರಿಸೋಣ ಅಂತ ಯಾರಾದರೂ ಹುರಿದುಂಬಿಸಿದರೆ ಬೇಡ ಅನ್ನಿ. ನೀವು ಕೇಳಿದ್ದು ಐದನೇ ಲ್ಯಾಪ್ ಕೂಡ ಮೊದಲ ಲ್ಯಾಪ್‌ನ ಹಾಗಿರಲಿ ಅಂತ. ಸಿಕ್ಕ ತಂಪನ್ನು ಬೂಸ್ಟ್‌ಗೆ ಸುರಿದರೆ ಮತ್ತೆ ಮೊದಲಿನ ಜಾಗಕ್ಕೇ ಬರುತ್ತೀರಿ, ಗೇರ್‌ಬಾಕ್ಸ್ ಮೇಲಿನ ಹೊರೆ ಬೇರೆ. ಟ್ರ್ಯಾಕ್ ದಿನ ಎಕ್ಸ್‌ಪಿ 100 ಥರದ ಹೆಚ್ಚು ಆಕ್ಟೇನ್ ಪೆಟ್ರೋಲ್ ಸಿಕ್ಕರೆ ಹಾಕಿಸಿ. ಬಿಸಿಯಲ್ಲಿ ನಾಕ್ ತಡೆಯಲು ಅದರ ಸಹಾಯ ದೊಡ್ಡದು. ಗಾಡಿಯಲ್ಲಿ ಮಾಡಿಸಿದ ಬದಲಾವಣೆಗಳನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿಬಿಡಿ, ನಾಳೆ ಕ್ಲೇಮ್ ವೇಳೆ ತಕರಾರು ಬೇಡ.

ಹಾಕಿಸಿದ ಮೇಲೆ ಮೊದಲ ಸೆಷನ್‌ನಲ್ಲಿ ಅದೇ ಲಾಗ್ ಮತ್ತೆ ತೆಗೆಯಿರಿ. ಆ ದಿನದ ಹೊರಗಿನ ತಾಪ ಬೇರೆ ಇರಬಹುದು, ಹಾಗಾಗಿ ನೇರ ಅಂಕಿ ಹೋಲಿಸಬೇಡಿ. ಹೊರಗಿನ ತಾಪಕ್ಕಿಂತ ಎಷ್ಟು ಮೇಲೆ ಅನ್ನೋದನ್ನು ಹೋಲಿಸಿ. ಕೊನೆಯ ಲ್ಯಾಪ್‌ವರೆಗೂ ಮ್ಯಾನಿಫೋಲ್ಡ್ ಗಾಳಿ ಆ ತಾಪಕ್ಕಿಂತ 20 ಡಿಗ್ರಿ ಆಸುಪಾಸಿನಲ್ಲೇ ನಿಂತಿದ್ದರೆ, ಕೂಲೆಂಟ್ ತಾಪ ಮೊದಲಿಗಿಂತ ಏರಿರದಿದ್ದರೆ, ಸರಿಯಾದದ್ದೇ ಕೊಂಡಿದ್ದೀರಿ. ಗಾಳಿ ತಣ್ಣಗಿದ್ದು ಕೂಲೆಂಟ್ ಏರಿದ್ದರೆ ಕೋರ್ ದಪ್ಪ ಜಾಸ್ತಿಯಾಗಿದೆ, ಇಲ್ಲವೇ ಪಕ್ಕದ ಸಂದು ಇನ್ನೂ ಮುಚ್ಚಿಲ್ಲ. ಸಂದನ್ನು ಮೊದಲು ನೋಡಿ. ಎರಡೂ ಸರಿಯಿದ್ದೂ ಗಾಡಿ ಸುಸ್ತಾದರೆ ಗೇರ್‌ಬಾಕ್ಸ್ ಆಯಿಲ್ ತಾಪದ ಗೆರೆ ನೋಡಿ, ಮತ್ತು ಆ ಲಾಗ್ ನನಗೆ ಕಳಿಸಿ.